ತಡವಾಗಿ ಕೈಸೇರಿದ ಕಾದಂಬರಿ

ಹೊಸ ಕಾದಂಬರಿ ಬಂದಿತೆಂದರೆ ಎಲ್ಲರಿಗಿಂತ ಮೊದಲು ಓದಿಬಿಡಬೇಕೆಂಬ ಆತುರ ಸಹಜವಾದದ್ದೇ. ಆದರೆ ನಾವು ಹುಟ್ಟುವ ಮೊದಲೇ ಅಚ್ಚಾಗಿ, ನಮ್ಮ ಕಣ್ಣು ತಪ್ಪಿಸಿಕೊಂಡು ಉಳಿದಿದ್ದ ಪುಸ್ತಕವೊಂದು ಕೈಗೆ ಸಿಕ್ಕಾಗ ಆಗುವ ಸಂತೋಷವೇ ಬೇರೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ನೀವು ಇನ್ನೂ ಓದಿಲ್ಲವಾದರೆ, ಆ ಸಂತೋಷ ನಿಮ್ಮ ಪಾಲಿಗೆ ಮೀಸಲಾಗಿ ಉಳಿದಿದೆ.

1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗ್ರಂಥವಿದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಸಾಹಿತ್ಯ ಚರಿತ್ರೆಗಳಲ್ಲಿ ಹೆಸರಾಗಿದೆ. ಪರೀಕ್ಷೆಗಾಗಿ ಆ ಹೆಸರನ್ನು ಬಾಯಿಪಾಠ ಮಾಡಿದವರು ಬಹಳ. ಪುಸ್ತಕವನ್ನು ತೆರೆದವರು ಕಡಿಮೆ. ಓದುಗರನ್ನು ಮಾತ್ರ ದೂರುವಂತಿಲ್ಲ. ಆಗ ಮಂಗಳೂರು ಮದರಾಸು ಆಧಿಪತ್ಯಕ್ಕೆ ಸೇರಿತ್ತು, ಧಾರವಾಡ ಮುಂಬಯಿಗೆ, ಕಲಬುರ್ಗಿ ನಿಜಾಮರಿಗೆ, ಮೈಸೂರು ಒಡೆಯರದು. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ, ಅದೂ ಮಲಬಾರಿನ ಕಡೆಯಿಂದ. ಘಟ್ಟ ಹತ್ತಿ ಹಾಸನವನ್ನು ಸೇರುವ ರೈಲುಮಾರ್ಗ ತೆರೆದದ್ದು 1979ರಲ್ಲಿ! ಇತ್ತ ಮೈಸೂರಿನ ಓದುಗರು ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದುಕೊಟ್ಟ ಬಂಕಿಮಚಂದ್ರರ ಕಾದಂಬರಿಗಳನ್ನು ಸವಿಯುತ್ತಿದ್ದರು. ಬಂಗಾಳದ ಕಥೆಗೆ ಸಿಕ್ಕಿದ ದಾರಿ ಕರಾವಳಿಯ ಕಥೆಗೆ ಅಷ್ಟು ಸುಲಭವಾಗಿ ಸಿಕ್ಕಲಿಲ್ಲ.

ವೆಂಕಟರಾಯರು ಪೊಲೀಸ್ ಇಲಾಖೆಯ ಅಧಿಕಾರಿಯಾಗಿದ್ದವರು. ಲಂಚದ ಹಣ ಮನೆಗೆ ಹೇಗೆ ಬರುತ್ತದೆ, ಬಂದಮೇಲೆ ಗಂಡ ಹೆಂಡಿರು ಹೇಗೆ ಹಿಗ್ಗುತ್ತಾರೆ ಎಂಬುದನ್ನು ಅವರು ಬಲ್ಲರು. ಅಂಥ ಭೀಮರಾಯ, ಅಂಬಾಬಾಯಿಯರ ಮಗಳು ಇಂದಿರೆ, ಎಳೆಯ ವಯಸ್ಸಿನಲ್ಲೇ ವಿಧವೆ. ತಂದೆತಾಯಿಗಳು ಕಪಟ ಸಂತರಿಗೆ ಮಾರುಹೋದವರು. ಮಗಳನ್ನೂ ಅವರ ಸೇವೆಗೆ ಹಚ್ಚುವ ಹವಣಿಕೆ. ಹುಡುಗಿ ಮನೆ ಬಿಟ್ಟು ಅಮೃತರಾಯರ ಆಶ್ರಯ ಪಡೆಯುತ್ತಾಳೆ, ವಿದ್ಯೆ ಕಲಿಯುತ್ತಾಳೆ, ಕೊನೆಗೆ ಭಾಸ್ಕರನನ್ನು ಮದುವೆಯಾಗುತ್ತಾಳೆ. ವಿಧವಾ ವಿವಾಹಕ್ಕೆ ಕಾಯಿದೆಯ ಒಪ್ಪಿಗೆ ದೊರೆತದ್ದು 1856ರಲ್ಲಿ. 43 ವರ್ಷ ಕಳೆದರೂ ಆ ಕಾಯಿದೆ ಮನೆಯ ಹೊಸ್ತಿಲು ದಾಟಿರಲಿಲ್ಲವೆಂಬುದು ಕಥೆಯ ಪುಟಪುಟದಲ್ಲೂ ಕಾಣುತ್ತದೆ.

ತಡವಾಗಿ ಓದುವವರಿಗೆ ಇಲ್ಲೊಂದು ವಿಶೇಷ ಲಾಭವುಂಟು. ನಿಮ್ಮಲ್ಲಿ ಅನೇಕರು 1976ರಲ್ಲಿ ಬಂದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಓದಿರಬಹುದು, ಇಲ್ಲವೆ ಪ್ರೇಮಾ ಕಾರಂತರ ಚಿತ್ರವನ್ನಾದರೂ ನೋಡಿರಬಹುದು. ಬಾಲವಿಧವೆಯೊಬ್ಬಳು ಇಡೀ ಬಾಳನ್ನು ಮಡಿಯಲ್ಲೇ ಸವೆಸಿದ ಕಥೆ ಅದು. ಅದನ್ನು ಓದಿ ಮನಸ್ಸು ಭಾರ ಮಾಡಿಕೊಂಡವರು ಆಮೇಲೆ ‘ಇಂದಿರಾಬಾಯಿ’ಯನ್ನು ತೆರೆದರೆ ಬೆರಗಾಗುತ್ತಾರೆ. 77 ವರ್ಷ ಮೊದಲೇ ಕನ್ನಡದ ಕಾದಂಬರಿಕಾರನೊಬ್ಬ ವಿಧವೆಗೆ ಪುಸ್ತಕ ಕೊಟ್ಟು, ಮದುವೆಯನ್ನೂ ಮಾಡಿಸಿದ್ದನಲ್ಲ! ವೆಂಕಟರಾಯರ ಕಾಲದ ಓದುಗರಿಗೆ ಇದು ಜಗಳದ ವಿಷಯ. ನಮಗೆ ಬೇರೊಂದು ಪ್ರಶ್ನೆ ಏಳುತ್ತದೆ: ಕಥೆಯಲ್ಲಿ ಇಷ್ಟು ಬೇಗ ತೆರೆದ ಬಾಗಿಲು ಫಣಿಯಮ್ಮನಂಥವರ ಮನೆಗಳಲ್ಲಿ ಅಷ್ಟು ಕಾಲ ಮುಚ್ಚಿಯೇ ಇದ್ದುದೇಕೆ? ಎರಡನ್ನೂ ಅಚ್ಚಾದ ಕ್ರಮದಲ್ಲಿ ಓದಿದ್ದರೆ ಈ ಪ್ರಶ್ನೆ ಇಷ್ಟು ಚುರುಕಾಗಿ ಚುಚ್ಚುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಉಪದೇಶ ಕೆಲವೆಡೆ ಹೆಚ್ಚೇ. ಒಳ್ಳೆಯವರು ತೀರ ಒಳ್ಳೆಯವರು. ಆದರೂ ಕೆಟ್ಟವರು ಮಾತನಾಡತೊಡಗಿದರೆ ಪುಸ್ತಕ ಕೆಳಗಿಡಲು ಮನಸ್ಸು ಬಾರದು. 1903ರಲ್ಲೇ ಎಂ. ಇ. ಕೌಚ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿ ಇದನ್ನು ತಮ್ಮ ಭಾಷೆಗೆ ತಿರುಗಿಸಿದರು. 2019ರಲ್ಲಿ ವನಮಾಲ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಇಂಗ್ಲಿಷ್ ಅನುವಾದ ಬಂದಿತು.

ಇದು ರುಚಿಸಿದರೆ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ವನ್ನು ಹುಡುಕಿ. 1915ರ ಪುಸ್ತಕ; ಕಥೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಪುಟ್ಟಣ್ಣನವರೂ ಅಮಲ್ದಾರರಾಗಿದ್ದವರೇ, ಆದರೆ ಇವರಿಗೆ ಸುಧಾರಣೆಯ ಅವಸರವಿಲ್ಲ. ಕಥೆ ನಿಂತಲ್ಲೇ ನಿಂತು ಊರಿನ ಸುದ್ದಿ ಹೇಳುತ್ತಾರೆ. ದಯವಿಟ್ಟು ಆ ಪುಟಗಳನ್ನು ಹಾರಿಸಬೇಡಿ. ಅವುಗಳಲ್ಲೇ ಹಳೆಯ ಮೈಸೂರು ಕುಳಿತಿದೆ.