ನಮ್ಮ ಕಡೆಯ ಸಹಕಾರ ಚಳವಳಿ ನಡೆದು ಬಂದ ದಾರಿ

ಬೆಳ್ಳಿಹಬ್ಬದ ಸಂಚಿಕೆ ಅಂದ ಮೇಲೆ ಭಾವಚಿತ್ರ, ವರದಿ, ಶುಭಾಶಯ ಎಲ್ಲ ಇರ್ತದೆ, ಇರಲೇಬೇಕು. ಅದರ ನಡುವೆ ಹಳೆಯ ಮಾತಿಗೂ ಒಂದು ಪುಟ ಇರಲಿ. ಮರ್ಕಂಜದಂಥ ಹಳ್ಳಿಗೆ ಸಂಘ ಯಾಕೆ ಬೇಕಾಯಿತು ಎಂದು ಕೇಳಿದರೆ ಇಂದಿನ ಮಕ್ಕಳಿಗೆ ಹೇಳಲು ಗೊತ್ತಾಗುವುದಿಲ್ಲ.

1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ರಾಜರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಎಂದರು. ಭತ್ತ ಬೆಳೆಯುವವನ ಕೈಗೆ ರೊಕ್ಕ ಎಲ್ಲಿಂದ ಬರಬೇಕು? 1837ರ ಅಮರ ಸುಳ್ಯದ ದಂಗೆಗೆ ಇದೂ ಒಂದು ಮುಖ್ಯ ಕಾರಣ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಹೊರಟ ರೈತರು ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನವರೆಗೂ ಹೋದರು. ದಂಗೆ ಅಡಗಿತು, ಆದರೆ ರೊಕ್ಕದ ತಾಪತ್ರಯ ಹಾಗೇ ಉಳಿಯಿತು.

ಅಡಿಕೆ ಬೆಳೆಗಾರನಿಗೂ ಅದೇ ಕಥೆ. ಕೊಳೆರೋಗಕ್ಕೆ ಮದ್ದು ಬಿಡಬೇಕಾದ್ದು ಮಳೆಗಾಲದಲ್ಲಿ. ಮೈಲುತುತ್ತು, ಸುಣ್ಣ, ಆಳಿನ ಸಂಬಳ ಎಲ್ಲ ಬೇಕಾಗುವುದು ಸರಿಯಾಗಿ ಆಟಿಯಲ್ಲಿ, ಮನೆಯಲ್ಲಿ ಅಕ್ಕಿಗೇ ಕಷ್ಟ ಇರುವಾಗ. ವ್ಯಾಪಾರಿ ಮುಂಗಡ ಕೊಡುತ್ತಿದ್ದ, ಇಲ್ಲ ಎನ್ನುವ ಹಾಗಿಲ್ಲ. ಆದರೆ ಅಂಗಳದಲ್ಲಿ ಅಡಿಕೆ ಒಣಗಿದ ಕೂಡಲೇ ಅದು ಅವನ ಅಂಗಡಿಗೇ ಹೋಗಬೇಕು. ತಕ್ಕಡಿಯೂ ಅವನದ್ದೇ, ಧಾರಣೆಯೂ ಅವನದ್ದೇ. ಇಟ್ಟರೆ ಹಳೆ ಅಡಿಕೆಗೆ ಹೆಚ್ಚು ಕ್ರಯ ಉಂಟು ಎಂಬುದು ಎಲ್ಲರಿಗೂ ಗೊತ್ತು. ಅಡಿಕೆ ಕಾದೀತು, ಸಾಲಗಾರ ಕಾಯಬೇಕಲ್ಲ!

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಇಳಿದವರು ಪುತ್ತೂರಿನ ವಕೀಲರಾದ ಮೊಳಹಳ್ಳಿ ಶಿವರಾಯರು. 1909ರಲ್ಲಿ ಪುತ್ತೂರಿನಲ್ಲಿ ಸಂಘ, 1914ರಲ್ಲಿ ಅಲ್ಲೇ ಜಿಲ್ಲಾ ಕೇಂದ್ರ ಬ್ಯಾಂಕು. ಆ ಬ್ಯಾಂಕು ಮಂಗಳೂರಿಗೆ ಹೋದದ್ದು ಆಮೇಲೆ. ಸುಳ್ಯ ಆಗ ಪುತ್ತೂರು ತಾಲೂಕಿನೊಳಗೇ ಇತ್ತು, ಹಾಗಾಗಿ ಅವರು ನಮ್ಮವರೇ ಎಂದರೆ ತಪ್ಪಿಲ್ಲ.

ಒಂದು ಮಾತು ಮುಚ್ಚಿಡಬಾರದು. ಭೂಮಿಯ ಆಧಾರದ ಸಾಲ ಭೂಮಿ ಇದ್ದವನಿಗೇ ಹೋಗುತ್ತಿತ್ತು. ಗೇಣಿ ಒಕ್ಕಲಿನವನಿಗೆ ಹೆಸರಲ್ಲಿ ಪಟ್ಟೆ ಇಲ್ಲ, ಅವನು ಸಂಘದ ಜಗಲಿಯ ಹೊರಗೇ. 1974ರ ಭೂಸುಧಾರಣೆಯ ನಂತರ ಉಳುವವನ ಹೆಸರಿಗೆ ಜಾಗ ಆಯಿತು, ಸಂಘದ ಬಾಗಿಲೂ ಅಗಲವಾಯಿತು. ಈ ಮಾತನ್ನು ಸಭೆಗಳಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ.

ಅದೇ ಹೊತ್ತಿಗೆ ಅಡಿಕೆ ಧಾರಣೆ ಕುಸಿದಿತ್ತು. ವಾರಣಾಶಿ ಸುಬ್ರಾಯ ಭಟ್ಟರು ಊರೂರು ತಿರುಗಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿದರು. 1973ರ ಜುಲೈ 11ರಂದು ಕ್ಯಾಂಪ್ಕೋ ಹುಟ್ಟಿತು. ಎಲ್ಲರ ಅಡಿಕೆಯನ್ನೂ ಅದೇ ಕೊಳ್ಳಬೇಕೆಂದಿಲ್ಲ. ಮಾರುಕಟ್ಟೆಯಲ್ಲಿ ಅದು ಒಂದು ಕ್ರಯ ಹೇಳಿದರೆ ಉಳಿದವರು ಅದಕ್ಕಿಂತ ತೀರಾ ಕೆಳಗೆ ಇಳಿಯುವುದು ಕಷ್ಟ. ಅಷ್ಟೇ ಅದರ ಗುಟ್ಟು. ಕೊಕ್ಕೋ ಗಿಡ ನೆಟ್ಟವರ ಬೀಜ ಕೇಳುವವರಿಲ್ಲದಾಗ ಕ್ಯಾಂಪ್ಕೋ ಅದನ್ನೂ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು.

ಇಷ್ಟಾದರೂ ಸಾಲಕ್ಕೆ, ಗೊಬ್ಬರಕ್ಕೆ ಸಂಘ, ಕಿಲೋಗೆ ಎರಡು ರೂಪಾಯಿ ಹೆಚ್ಚು ಸಿಕ್ಕಿದರೆ ಅಡಿಕೆ ಬೇರೆ ಕಡೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಆ ಎರಡು ರೂಪಾಯಿ ಸಿಗುವುದೇ ಪೈಪೋಟಿಗೆ ಸಹಕಾರಿ ಇದೆ ಎಂಬುದರಿಂದ, ಅದು ನೆನಪಿದ್ದರೆ ಒಳ್ಳೆಯದು.

ಈಗ ಕಾಯುವ ಪ್ರಶ್ನೆ ಬೇರೆ ರೂಪದಲ್ಲಿ ಬಂದಿದೆ. ಸಂಪಾಜೆ, ಅರಂತೋಡು ಕಡೆಯಿಂದ ಹಳದಿ ಎಲೆ ರೋಗ ತೋಟಗಳನ್ನು ನುಂಗುತ್ತಾ ಇದೆ, ಗುಣಮಾಡುವ ಮದ್ದು ಇನ್ನೂ ಇಲ್ಲ. ಬೆಳೆಸಾಲ ವರ್ಷದೊಳಗೆ ಕಟ್ಟಬೇಕು. ಕಾಫಿಯೋ, ತಾಳೆಯೋ, ಹೊಸ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ವರ್ಷ ಆ ಮನೆಯವರು ಏನು ಮಾಡಬೇಕು? ನಮ್ಮ ಸಂಘದಿಂದ ಏನು ಸಾಧ್ಯ ಎಂಬುದನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಆಡಳಿತ ಮಂಡಳಿಯವರನ್ನು ವಿನಂತಿಸುತ್ತೇನೆ.