ಅಲ್ಸರೇಟಿವ್ ಕೊಲೈಟಿಸ್: ಗುರುತು ಮತ್ತು ಚಿಕಿತ್ಸೆಯ ಇತಿಹಾಸ

ಅಲ್ಸರೇಟಿವ್ ಕೊಲೈಟಿಸ್ ಎಂದರೆ ದೊಡ್ಡ ಕರುಳಿನ ಒಳಪೊರೆ ಉರಿಯೂತದಿಂದ ಕೆರಳಿ ಹುಣ್ಣಾಗುವ, ವರ್ಷಗಟ್ಟಲೆ ಕಾಡುವ ರೋಗ. ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ರಕ್ತ, ಲೋಳೆ ಬೆರೆತ ಭೇದಿ ಮತ್ತು ತಡೆಯಲಾಗದ ಮಲದ ಅವಸರ ಮುಖ್ಯ ಲಕ್ಷಣಗಳು. ಬೇರೆ ಯಾವುದೋ ಕಾಯಿಲೆಯೆಂದೇ ಇದನ್ನು ಬಹುಕಾಲ ತಿಳಿಯಲಾಗಿತ್ತು.

1859ರಲ್ಲಿ ಲಂಡನ್ನಿನ ಇಸಬೆಲ್ಲಾ ಬ್ಯಾಂಕ್ಸ್ ಎಂಬಾಕೆ ಭೇದಿಯಿಂದ ನರಳಿ ಸತ್ತಾಗ, ವಿಷವಿಕ್ಕಿದ ಆರೋಪ ವೈದ್ಯ ಥಾಮಸ್ ಸ್ಮೆದರ್ಸ್ಟ್ ಮೇಲೆ ಬಂತು. ಆಕೆಯ ಕರುಳನ್ನು ಪರೀಕ್ಷಿಸಿದ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಅಲ್ಲಿನ ಹುಣ್ಣುಗಳನ್ನು ವಿವರಿಸಿ ಬರೆದರು. ಗಲ್ಲು ಶಿಕ್ಷೆಯಾಗಿದ್ದ ಸ್ಮೆದರ್ಸ್ಟ್‌ಗೆ ಕೊನೆಗೆ ಕ್ಷಮಾದಾನ ಸಿಕ್ಕಿತು. ಆಕೆಗಿದ್ದದ್ದು ಕರುಳಿನ ಇನ್ನೊಂದು ಉರಿಯೂತ ರೋಗವಾದ ಕ್ರೋನ್ಸ್ ಕಾಯಿಲೆಯೆಂದು ಈಚಿನವರು ಹಲವರು ಹೇಳುತ್ತಾರೆ. ಹಾಗಾಗಿ 1875ರಲ್ಲಿ ವಿಲ್ಕ್ಸ್ ಮತ್ತು ವಾಲ್ಟರ್ ಮಾಕ್ಸನ್ ಅಲ್ಸರೇಟಿವ್ ಕೊಲೈಟಿಸನ್ನು ಅಂಟುವ ಆಮಶಂಕೆಯಿಂದ ಬೇರ್ಪಡಿಸಿದ್ದನ್ನೇ ಗಟ್ಟಿ ಆರಂಭವೆನ್ನಬೇಕು. 1930ರ ದಶಕದಿಂದ ಮನಸ್ಸಿನ ಕ್ಲೇಶವೇ ಮೂಲವೆಂಬ ವಾದ ಬಲವಾಯಿತು. ನೋವಿನ ಜೊತೆಗೆ ರೋಗಿ ಅಪವಾದವನ್ನೂ ಹೊರಬೇಕಾಯಿತು.

ಮೊದಲ ನೆಚ್ಚಿನ ಔಷಧಿ ಸಂಧಿವಾತದ ದಾರಿಯಿಂದ ಬಂತು. ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಕೀಲುನೋವಿಗೆಂದು ರೂಪಿಸಿದ ಸಲ್ಫಾಸಲಜೀನ್ 1940ರ ದಶಕದಲ್ಲಿ ಕರುಳನ್ನೂ ತಣಿಸುವುದು ಕಂಡಿತು. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 210 ರೋಗಿಗಳ ಮೇಲಿನ ಪ್ರಯೋಗದಲ್ಲಿ ಸ್ಟೀರಾಯ್ಡ್ ಔಷಧಿ ಕಾರ್ಟಿಸೋನಿನ ಗುಣವನ್ನು ತೋರಿಸಿಕೊಟ್ಟರು. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ, ವೇಗದ ನಾಡಿ ಅಥವಾ ರಕ್ತಹೀನತೆ ಇದ್ದರೆ ತೀವ್ರವೆನ್ನುವ ಅವರ ಅಳತೆ ಇಂದಿಗೂ ವಾರ್ಡುಗಳಲ್ಲಿ ಬಳಕೆಯಲ್ಲಿದೆ.

ಔಷಧಿ ಸಾಲದೆ ದೊಡ್ಡ ಕರುಳನ್ನೇ ತೆಗೆಸಿಕೊಂಡವರ ಪಾಡು ಬೇರೆ. ಹೊಟ್ಟೆಯ ಮೇಲೆ ಚರ್ಮದ ಮಟ್ಟಕ್ಕೆ ಹೊಲಿದ ಸಣ್ಣಕರುಳಿನ ಬಾಯಿಂದ ಜೀರ್ಣರಸ ಸೋರಿ ಸುತ್ತಲ ಚರ್ಮ ಬೆಂದುಹೋಗುತ್ತಿತ್ತು. 1952ರಲ್ಲಿ ಬ್ರಯನ್ ಬ್ರೂಕ್ ಆ ತುದಿಯನ್ನು ಅಂಗಿಯ ತೋಳಿನಂತೆ ಹೊರಕ್ಕೆ ಮಡಚಿ ಹೊಲಿದರು. ಅಷ್ಟರಿಂದಲೇ ರಸ ನೇರವಾಗಿ ಹೊಟ್ಟೆಯ ಮೇಲೆ ಅಂಟಿಸಿದ ಚೀಲಕ್ಕೆ ಬಿತ್ತು, ಚರ್ಮ ಉಳಿಯಿತು. 1978ರಲ್ಲಿ ಪಾರ್ಕ್ಸ್ ಮತ್ತು ನಿಕೋಲ್ಸ್ ಸಣ್ಣಕರುಳಿನಿಂದಲೇ ಒಳಚೀಲ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರು. ಜೈವಿಕ ಔಷಧಿ ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಈ ರೋಗಕ್ಕಾಗಿ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ.

ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೋ ಆಮಶಂಕೆಯೋ ಎಂದು ಮನೆಮದ್ದಿನಲ್ಲೇ ತಿಂಗಳು ಕಳೆಯುವವರುಂಟು. ಕರುಳಿನ ತಜ್ಞರು ಮಲಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಕೊಲೊನೋಸ್ಕೋಪಿ ಮಾಡಿ, ಒಳಪೊರೆಯ ಚೂರನ್ನು ಬಯಾಪ್ಸಿಗೆ ಕಳಿಸಿ ನಿರ್ಧರಿಸುತ್ತಾರೆ. ಭಾರತದಲ್ಲಿ ಕರುಳಿನ ಕ್ಷಯವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ರಕ್ತ ನಿಂತಿತೆಂದು ಮಾತ್ರೆ ಬಿಟ್ಟವರಲ್ಲಿ ರೋಗ ಮರಳುವುದು ಹೆಚ್ಚು. ಲಕ್ಷಣ ಶುರುವಾಗಿ ಸುಮಾರು 8 ವರ್ಷವಾದ ಮೇಲೆ, ಆರಾಮಾಗಿದ್ದರೂ, ಕ್ಯಾನ್ಸರಿನ ಸುಳಿವಿಗಾಗಿ ಮತ್ತೆ ಕೊಲೊನೋಸ್ಕೋಪಿ ಮಾಡಿಸುತ್ತಾರೆ.