ಬಂಡೆ ಎತ್ತಿದವರು ಯಾರು?

ಗ್ರೀಸಿನ ಮೈಸೀನೆ ಮತ್ತು ಟಿರಿನ್ಸ್ ಕೋಟೆಗಳನ್ನು ಕಟ್ಟಿದವರು ಸೈಕ್ಲೋಪ್‌ಗಳೆಂಬ ದೈತ್ಯರು ಎಂದು ಪ್ರಾಚೀನ ಗ್ರೀಕರು ಹೇಳುತ್ತಿದ್ದರು. ಟಿರಿನ್ಸ್ ಗೋಡೆಯ ಅತಿ ಚಿಕ್ಕ ಕಲ್ಲನ್ನೂ ಜೋಡಿ ಹೇಸರಗತ್ತೆಗಳು ಅಲುಗಿಸಲಾರವು ಎಂದು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿಟ್ಟಿದ್ದಾನೆ. ನಿಜವಾಗಿ ಕಟ್ಟಿದವರು ಕಂಚಿನ ಯುಗದ ಮನುಷ್ಯರೇ. ಕಾಲ ಕಳೆದಂತೆ ಅವರ ನೆನಪು ಅಳಿಯಿತು, ಕಲ್ಲಿನ ಗಾತ್ರ ಉಳಿಯಿತು. ಆ ಗಾತ್ರಕ್ಕೆ ತಕ್ಕ ದೇಹವನ್ನು ಪುರಾಣ ಒದಗಿಸಿತು.

1936ರಲ್ಲಿ ಎಚ್.ಪಿ. ಲವ್‌ಕ್ರಾಫ್ಟ್ ತನ್ನ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್' ಕಥೆಯಲ್ಲಿ ಅಂಟಾರ್ಕ್ಟಿಕದ ಪಾಳುನಗರವೊಂದನ್ನು ವರ್ಣಿಸಲು 'ಸೈಕ್ಲೋಪಿಯನ್' ಎಂಬ ಪದವನ್ನೇ ಮತ್ತೆ ಮತ್ತೆ ಬಳಸಿದ. ಈಗ ಕಟ್ಟಿದವರು ನಕ್ಷತ್ರಗಳಿಂದ ಇಳಿದವರು. ಬಂಡೆ ಹೊರಲು ಅವರು ಶಾಗಾತ್ ಎಂಬ ಜೀತದ ಜೀವಿಗಳನ್ನು ಸೃಷ್ಟಿಸಿಕೊಂಡಿದ್ದರು. ಕೊನೆಗೆ ಆ ಆಳುಗಳೇ ಒಡೆಯರ ಮೇಲೆ ತಿರುಗಿಬಿದ್ದವು. ದುಡಿದವರನ್ನು ಈ ಕಥೆ ಮರೆಯಲಿಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ.

1968ರಲ್ಲಿ ಎರಿಕ್ ಫಾನ್ ಡೇನಿಕೆನ್ ಇಂಥದೇ ಕಲ್ಪನೆಯನ್ನು ಚರಿತ್ರೆಯೆಂಬಂತೆ ಮಂಡಿಸಿದ. 1976ರಲ್ಲಿ ಜ್ಯಾಕ್ ಕರ್ಬಿ ಅದನ್ನು 'ದಿ ಎಟರ್ನಲ್ಸ್' ಕಾಮಿಕ್ಸ್ ಮೂಲಕ ಮತ್ತೆ ಕಥೆಯಾಗಿಸಿದ. ಅಲ್ಲಿ ಬೆಟ್ಟದೆತ್ತರದ ಸೆಲೆಸ್ಟಿಯಲ್‌ಗಳು ಬಾಹ್ಯಾಕಾಶದಿಂದ ಬಂದು ಮನುಷ್ಯಕುಲವನ್ನು ತಿದ್ದುತ್ತಾರೆ. 2012ರ 'ಪ್ರಮೀಥಿಯಸ್' ಸಿನಿಮಾದ ಬಿಳಿಚಿದ ದೈತ್ಯರೂ ಇದೇ ವಂಶದವರು.

ಕಥೆಯಾಗಿ ಇವೆಲ್ಲ ನನಗಿಷ್ಟ. ತಕರಾರಿರುವುದು ಕಥೆ ಸಾಕ್ಷ್ಯದ ವೇಷ ಹಾಕಿದಾಗ. ಈಸ್ಟರ್ ದ್ವೀಪದ ಪ್ರತಿಮೆಗಳ ಹಿಂದೆ ಡೇನಿಕೆನ್ ಅನ್ಯಗ್ರಹದವರನ್ನು ಕಂಡ. ಆದರೆ ರಾನೊ ರರಾಕು ಗಣಿಯಲ್ಲಿ ಅರ್ಧ ಕೆತ್ತಿದ ಪ್ರತಿಮೆಗಳೂ ಕಲ್ಲಿನ ಉಳಿಗಳೂ ಇವೆ. 1955-56ರಲ್ಲಿ ಥಾರ್ ಹೈಯರ್ಡಾಲ್ ಅಲ್ಲಿಗೆ ಹೋದಾಗ, ದ್ವೀಪದ 12 ಮಂದಿ ಮರದ ಸನ್ನೆಗೋಲು ಮತ್ತು ಕಲ್ಲುಗಳನ್ನಷ್ಟೇ ಬಳಸಿ, ಬಿದ್ದಿದ್ದ ಪ್ರತಿಮೆಯೊಂದನ್ನು 18 ದಿನಗಳಲ್ಲಿ ಎತ್ತಿ ನಿಲ್ಲಿಸಿದ್ದರು. ಡೇನಿಕೆನ್‌ನ ಪುಸ್ತಕ ಬರುವ ಹೊತ್ತಿಗೆ ಇದು ಹಳೆಯ ಸುದ್ದಿ. ಆದರೂ ಆ ಹನ್ನೆರಡು ಮಂದಿಯ ಕೈಗಳಿಗಿಂತ ಬಾಹ್ಯಾಕಾಶ ನೌಕೆಯೇ ಎಷ್ಟೋ ಓದುಗರಿಗೆ ನಂಬಲರ್ಹವೆನಿಸಿತು.

ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಬೃಹತ್ ಚಪ್ಪಡಿಗಳ ನೂರಾರು ಶಿಲಾಸಮಾಧಿಗಳಿವೆ. ಜನ ಅದನ್ನು ಮೊರ್ಯರ ಗುಡ್ಡ ಎನ್ನುತ್ತಾರೆ, ಮೊರ್ಯರು ಕುಳ್ಳರಾಗಿದ್ದರಂತೆ. ಇದೂ ಕಥೆಯೇ. ಆದರೆ ದೊಡ್ಡ ಕಲ್ಲನ್ನು ಎತ್ತಲು ದೊಡ್ಡ ಮೈಯೇ ಬೇಕಿಲ್ಲ ಎಂಬ ತಿಳಿವಳಿಕೆ ಇದರಲ್ಲಿದೆ. ಆ ಚಪ್ಪಡಿಗಳನ್ನು ಅಲ್ಲಿಯ ಬಂಡೆಯಿಂದಲೇ ಸೀಳಿ ತೆಗೆದವರ ಹೆಸರು ನಮಗೆ ಸಿಗುವುದಿಲ್ಲ. ಅವರ ದುಡಿಮೆಯನ್ನಾದರೂ ಅವರ ಲೆಕ್ಕಕ್ಕೇ ಬರೆಯೋಣ.